ಹಳೇ ಮರ್ಸಿಡಿಸ್‌ನ 'ಧಡ್' ಸದ್ದು: ಜರ್ಮನ್ ರಬ್ಬರ್, ಡುಪ್ಲಿಕೇಟ್, ಪಾಲಿಯುರಿಥೇನ್ ಮೂರನ್ನೂ ಹಾಕಿ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇಂಜಿನ್‌ನಿಂದ ಹಿಂದಿನ ಚಕ್ರದವರೆಗೆ ಎಲ್ಲೆಲ್ಲಿ ಕಂಪನಿಯವರು ರಬ್ಬರ್ ಇಟ್ಟಿದ್ದಾರೋ ಅಲ್ಲೆಲ್ಲ ರಬ್ಬರೇ ಇರಬೇಕು, ಅದೂ ಒಳ್ಳೇ ರಬ್ಬರ್. ಜರ್ಮನ್ ರಬ್ಬರ್, ಅದರ ಅಗ್ಗದ ನಕಲು (ಡುಪ್ಲಿಕೇಟ್), ಪಾಲಿಯುರಿಥೇನ್ ಅನ್ನೋ ಗಟ್ಟಿ ಪ್ಲಾಸ್ಟಿಕ್, ಮೂರನ್ನೂ ನನ್ನ ಕಾರಿಗೇ ಹಾಕಿ ಓಡಿಸಿದ ಮೇಲೆ ಬಂದ ಅಭಿಪ್ರಾಯ ಇದು. ಆದರೆ ಯಾವ ಬುಷ್ (ಲೋಹದ ಭಾಗಗಳ ನಡುವೆ ಕೂರುವ ರಬ್ಬರ್) ಹೋಗಿದೆ ಅಂತ ಗೊತ್ತಿಲ್ಲದೆ ಏನು ಕೊಂಡರೂ ದುಡ್ಡು ದಂಡ. ಅದಕ್ಕೇ ಅದರಿಂದಲೇ ಶುರು ಮಾಡುತ್ತೇನೆ.

ನನ್ನದು ಡಬ್ಲ್ಯೂ124, ಇ220, ಪೆಟ್ರೋಲ್, ಆಟೋಮ್ಯಾಟಿಕ್. 1995ರಲ್ಲಿ ಮರ್ಸಿಡಿಸ್‌ನವರು ಟೆಲ್ಕೋ (ಆಮೇಲೆ ಟಾಟಾ ಮೋಟಾರ್ಸ್ ಆದ ಕಂಪನಿ) ಜೊತೆ ಸೇರಿ ಪುಣೆಯಲ್ಲಿ ಜೋಡಿಸೋಕೆ ಶುರು ಮಾಡಿದ್ದು ಇದೇ ಮಾದರಿಯನ್ನು. ಇಂಜಿನ್ ಇನ್ನೂ ಗಟ್ಟಿಮುಟ್ಟು, ಬಾಡಿ ಚೆನ್ನಾಗಿದೆ. ಆದರೆ ರಬ್ಬರ್‌ಗೆ ಕಿಲೋಮೀಟರ್ ಲೆಕ್ಕ ಬೇಕಿಲ್ಲ, ಸುಮ್ನೆ ನಿಂತಿದ್ದರೂ ವಯಸ್ಸಾಗುತ್ತದೆ. ಇಂಜಿನ್ ಬಿಸಿ, ಸೈಲೆನ್ಸರ್ ಬಿಸಿ, ಗೇರ್‌ಬಾಕ್ಸ್‌ನಿಂದ ಜಿನುಗುವ ಎಣ್ಣೆ, ಜೊತೆಗೆ ಬೆಂಗಳೂರಿನ ಹಂಪ್‌ಗಳು. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಬಿಸಿ ತಿಂದದ್ದು ಗಟ್ಟಿಯಾಗಿ ಸೀಳುತ್ತದೆ.

ರಿವರ್ಸ್‌ನಿಂದ ಡಿ (ಡ್ರೈವ್) ಗೆ ಹಾಕಿದರೆ ಕೆಳಗಿನಿಂದ 'ಧಡ್' ಅಂತ ಒಂದು ಏಟು. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್‌ನಲ್ಲಿ ನಡುಕ. ಹೊರಡುವಾಗ ಸೀಟಿನ ಕೆಳಗೆ ಗುಡುಗುಡು. ಇಷ್ಟು ಹೇಳಿದರೆ ಸಾಕು, ಮೆಕ್ಯಾನಿಕ್‌ಗಳು "ಸಾರ್, ಡಿಫರೆನ್ಷಿಯಲ್ ಹೋಗಿದೆ, ಇಲ್ಲಾಂದ್ರೆ ಗೇರ್‌ಬಾಕ್ಸ್" ಅಂತ ಲಕ್ಷದ ಲೆಕ್ಕ ಹೇಳಿಬಿಡುತ್ತಾರೆ. ಒಪ್ಪಿಕೊಳ್ಳಬೇಡಿ. ಮೊದಲು ಕಾರನ್ನು ಲಿಫ್ಟ್ ಮೇಲೆ ಹತ್ತಿಸಿ, ಟಾರ್ಚ್ ಹಿಡಿದು ನೀವೇ ಕೆಳಗೆ ಹೋಗಿ.

ಏಟಿನ ಸದ್ದು ಇದ್ದರೆ ನೋಡಬೇಕಾದ್ದು ಪ್ರೊಪೆಲ್ಲರ್ ಶಾಫ್ಟ್‌ನ (ಗೇರ್‌ಬಾಕ್ಸ್‌ನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಉದ್ದ ಕೊಳವೆ) ಎರಡು ತುದಿಯ ರಬ್ಬರ್ ಡಿಸ್ಕ್‌ಗಳನ್ನು. ಒಂದು ಗೇರ್‌ಬಾಕ್ಸ್ ಹಿಂದೆ, ಇನ್ನೊಂದು ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಗೇರ್‌ಗಳ ಪೆಟ್ಟಿಗೆ) ಮುಂದೆ. ಡಿಸ್ಕ್‌ಗೆ ಆರು ತೂತು, ಮೂರು ಬೋಲ್ಟ್ ಈ ಕಡೆಗೆ, ಮೂರು ಆ ಕಡೆಗೆ. ಬೋಲ್ಟ್‌ಗಳ ಸುತ್ತ ಸೀಳು ಇದೆಯಾ, ಒಳಗಿನ ನೂಲು ಹೊರಗೆ ಇಣುಕುತ್ತಿದೆಯಾ ನೋಡಿ. ನಿಂತಲ್ಲೇ ನೋಡಿದರೆ ಸೀಳು ಮುಚ್ಚಿಕೊಂಡಿರುತ್ತದೆ. ಶಾಫ್ಟ್ ಹಿಡಿದು ಆ ಕಡೆ ಈ ಕಡೆ ತಿರುಚಿದಾಗಲೇ ಬಾಯಿ ಬಿಡೋದು. ಹೊರಡುವಾಗ ಮಾತ್ರ ಗುಡುಗುಡು ಬಂದು, ಸ್ವಲ್ಪ ವೇಗ ಬಂದ ಮೇಲೆ ನಿಂತರೆ ಶಾಫ್ಟ್ ನಡುವಿನ ಸೆಂಟರ್ ಬೇರಿಂಗ್ ಮೇಲೆ ಅನುಮಾನ ಪಡಿ. ಬೇರಿಂಗ್ ಚೆನ್ನಾಗಿದ್ದು ಅದನ್ನು ಹಿಡಿದಿರುವ ರಬ್ಬರ್ ಮಾತ್ರ ಹರಿದಿರಬಹುದು.

ನಿಂತಾಗಿನ ನಡುಕದ ಕಥೆ ಬೇರೆ. ಡಿ ಯಲ್ಲಿ ನಡುಗಿ, ಎನ್ (ನ್ಯೂಟ್ರಲ್) ಗೆ ಹಾಕಿದ ಕೂಡಲೇ ಕಡಿಮೆಯಾದರೆ ಸಾಮಾನ್ಯವಾಗಿ ಇಂಜಿನ್ ಮೌಂಟಿಂಗ್, ಅಂದರೆ ಇಂಜಿನ್ ಕೂತಿರುವ ರಬ್ಬರ್ ಆಸರೆ. ಈ ಕಾರಿನ ಮೌಂಟಿಂಗ್ ಒಳಗೆ ದ್ರವ ತುಂಬಿರುತ್ತದೆ, ಅದು ಸೋರಿದರೆ ಇಂಜಿನ್ ಕೂತುಬಿಡುತ್ತದೆ. ಮೌಂಟಿಂಗ್ ಕೆಳಗೆ ಕಪ್ಪಗೆ ಒದ್ದೆ ಗೆರೆ ಕಂಡರೆ ಬೇರೆ ಪರೀಕ್ಷೆ ಬೇಡ. ಇನ್ನೊಂದು ಮಾತು: ನಡುಕ ಬರೋದು ಓಡುವಾಗ ಮಾತ್ರ, ಅದೂ ಒಂದು ವೇಗದಲ್ಲಿ ಮಾತ್ರ, ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ಒಂದೇ ಥರ ಅಂದರೆ ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇದ್ದರೆ ಬುಷ್ ಕಡೆಗೆ ಬನ್ನಿ.

ಈಗ ಹೋಲಿಕೆಗೆ ಬರೋಣ.

ಡುಪ್ಲಿಕೇಟ್ ಡಿಸ್ಕ್ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆ ಜರ್ಮನ್ ಡಿಸ್ಕ್‌ನ ಅರ್ಧಕ್ಕಿಂತಲೂ ಕಡಿಮೆ. ಹಾಕಿದ ದಿನ ಖುಷಿಯಾಗುತ್ತದೆ, ಯಾಕಂದರೆ ಹಳೇ ಸದ್ದು ಪೂರ್ತಿ ಹೋಗಿರುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಏಟು ವಾಪಸ್ ಬಂತು. ಬಿಚ್ಚಿದ ಮೇಲೆ ಅದನ್ನೂ, ಸವೆದ ಹಳೇ ಜರ್ಮನ್ ಡಿಸ್ಕನ್ನೂ ಗರಗಸದಲ್ಲಿ ಕೊಯ್ದು ಪಕ್ಕಪಕ್ಕ ಇಟ್ಟು ನೋಡಿದೆ. ಜರ್ಮನ್ ಡಿಸ್ಕ್‌ನಲ್ಲಿ ಅಕ್ಕಪಕ್ಕದ ಎರಡು ಬೋಲ್ಟ್ ತೂತುಗಳ ಸುತ್ತ ನೂಲನ್ನು ಸುತ್ತಿ ಸುತ್ತಿ ಕುಣಿಕೆ ಮಾಡಿದ್ದಾರೆ, ಸುತ್ತು ಸುತ್ತು ಎಣಿಸಬಹುದು ಅಷ್ಟು ಅಚ್ಚುಕಟ್ಟು. ಇಂಜಿನ್ ಎಳೆಯುವಾಗ ಭಾರ ಹೊರೋದು ಆ ನೂಲು, ರಬ್ಬರ್ ಅಲ್ಲ. ರಬ್ಬರ್ ಕೆಲಸ ನೂಲನ್ನು ಹಿಡಿದಿಟ್ಟು ಅದುರುವಿಕೆ ನುಂಗೋದು ಅಷ್ಟೇ. ಡುಪ್ಲಿಕೇಟ್‌ನಲ್ಲಿ ಕುಣಿಕೆಯೇ ಇರಲಿಲ್ಲ, ಕ್ಯಾನ್ವಾಸ್ ತುಂಡುಗಳನ್ನು ಪದರ ಪದರವಾಗಿ ಇಟ್ಟು ರಬ್ಬರ್ ಸುರಿದಿದ್ದರು. ಎಳೆತ ಬಿದ್ದಾಗ ಪದರ ಬಿಟ್ಟುಕೊಳ್ಳದೆ ಇನ್ನೇನಾಗುತ್ತದೆ? ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ಅದೇ ಅಪಾಯ. ಡಿಸ್ಕ್ ಓಡುವಾಗ ತುಂಡಾದರೆ ಶಾಫ್ಟ್ ಬೀಸಿ ಹೊಡೆದು ಸುತ್ತ ಇರುವುದನ್ನೆಲ್ಲ ಹಾಳು ಮಾಡುತ್ತದೆ. ಈ ಒಂದು ಜಾಗದಲ್ಲಿ ಡುಪ್ಲಿಕೇಟ್ ಬೇಡವೇ ಬೇಡ ಅಂತ ಕೈಮುಗಿದು ಹೇಳುತ್ತೇನೆ. ಸೈಲೆನ್ಸರ್ ನೇತುಹಾಕುವ ರಬ್ಬರ್ ಲೋಕಲ್ ಹಾಕಿಕೊಳ್ಳಿ, ನನ್ನ ಕಾರಿನಲ್ಲೂ ಅದೇ ಇದೆ.

ಪಾಲಿಯುರಿಥೇನ್ ಬುಷ್‌ಗೆ ಈಗ ಹುಡುಗರಲ್ಲಿ ತುಂಬಾ ಹೆಸರು. ಎಣ್ಣೆಗೆ ಬೇಗ ಹಾಳಾಗಲ್ಲ, ಬಾಳಿಕೆ ಜಾಸ್ತಿ, ಪ್ರೆಸ್ ಇಲ್ಲದೆಯೂ ಕೂರಿಸಬಹುದು. ಎಲ್ಲ ನಿಜ. ಡಿಫರೆನ್ಷಿಯಲ್ ಮೌಂಟಿಂಗ್‌ಗೆ ತರಿಸಿ ಹಾಕಿದೆ. 'ಧಡ್' ಪೂರ್ತಿ ಹೋಯಿತು, ಆಕ್ಸಿಲರೇಟರ್ ಒತ್ತಿದರೆ ಕಾರು ತಡಮಾಡದೆ ಮುಂದಕ್ಕೆ ನೆಗೆಯುತ್ತಿತ್ತು. ಆದರೆ ತುಮಕೂರು ಹೈವೇಗೆ ಹೋದಾಗ ಹಿಂದಿನ ಸೀಟಿನ ಕೆಳಗಿನಿಂದ ಒಂದೇ ಸಮನೆ 'ಊಂ' ಅನ್ನೋ ಸದ್ದು ಶುರುವಾಯಿತು. ಡಿಫರೆನ್ಷಿಯಲ್‌ನ ಹಲ್ಲುಗಳು ಉಜ್ಜುವ ಸದ್ದು ಯಾವಾಗಲೂ ಇರೋದೇ, ರಬ್ಬರ್ ಅದನ್ನು ಬಾಡಿಗೆ ತಲುಪದ ಹಾಗೆ ತಡೆಯುತ್ತಿತ್ತು, ಪಾಲಿ ಗಟ್ಟಿಯಾದ್ದರಿಂದ ನೇರವಾಗಿ ದಾಟಿಸುತ್ತದೆ. ಹಿಂದೆ ಕೂತಿದ್ದ ಅಮ್ಮ "ಏನೋ ಇದು, ಲಾರಿ ಥರ ಕೂಗ್ತಿದೆಯಲ್ಲೋ" ಅಂದರು, ಅವರು ಹೇಳಿದ್ದು ಸರಿಯಾಗೇ ಇತ್ತು. ಸದ್ದೇ ಕೇಳಬಾರದು ಅಂತ ಮಾಡಿದ ಕಾರು ಇದು, ಅಲ್ವಾ? ಸಸ್ಪೆನ್ಷನ್ ತೋಳುಗಳಿಗೆ ಹಾಕುವ ಪಾಲಿಯಲ್ಲಿ ಇನ್ನೊಂದು ವಿಷಯ ಇದೆ. ರಬ್ಬರ್ ಬುಷ್ ಕಬ್ಬಿಣಕ್ಕೆ ಅಂಟಿಕೊಂಡು ತನ್ನೊಳಗೇ ತಿರುಚುತ್ತದೆ, ಪಾಲಿ ಒಳಗಿನ ಲೋಹದ ಸ್ಲೀವ್ ಮೇಲೆ ಜಾರುತ್ತದೆ. ಅದಕ್ಕೆ ಸರಿಯಾದ ಗ್ರೀಸ್ ಬೇಕು, ಒಣಗಿದರೆ ಕಿರ್ ಕಿರ್. ರೇಸ್ ಟ್ರ್ಯಾಕ್‌ಗೆ ಹೋಗುವವರಿಗೆ ಪಾಲಿ ಚೆನ್ನ. ಮನೆಮಂದಿ ಕೂರಿಸಿಕೊಂಡು ಊರಿಗೆ ಹೋಗುವ ಕಾರಿಗೆ ಬೇಡ. ನಾನು ತೆಗೆಸಿಬಿಟ್ಟೆ.

ಉಳಿದದ್ದು ಜರ್ಮನ್ ರಬ್ಬರ್. ಇದರಲ್ಲಿ ಎರಡು ದಾರಿ ಇದೆ: ಮರ್ಸಿಡಿಸ್‌ನ ಮೂರು ಮೂಲೆ ನಕ್ಷತ್ರದ ಡಬ್ಬಿಯಲ್ಲಿ ಬರೋದು, ಇಲ್ಲವೇ ಅದನ್ನೇ ಮಾಡಿಕೊಡುವವರ ಸ್ವಂತ ಡಬ್ಬಿಯಲ್ಲಿ ಬರೋದು. ಡಿಸ್ಕ್‌ಗೆ ಎಸ್‌ಜಿಎಫ್, ಮೌಂಟಿಂಗ್‌ಗೆ ಲೆಮ್‌ಫರ್ಡರ್ ಅಥವಾ ಕಾರ್ಟೆಕೊ. ಕೆಲವು ಪೀಸ್‌ಗಳಲ್ಲಿ ನಕ್ಷತ್ರ ಇದ್ದ ಜಾಗವನ್ನು ಉಜ್ಜಿ ತೆಗೆದಿರುವ ಗುರುತು ಕಾಣುತ್ತದೆ, ಅಂದರೆ ಅಚ್ಚು ಅದೇ, ಬೆಲೆ ಮಾತ್ರ ಕಡಿಮೆ. ನಾನು ಎರಡನ್ನೂ ಬಳಸಿದ್ದೇನೆ, ಓಡಿಸುವಾಗ ಒಂದಿಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ. ಅದಕ್ಕೇ ನನ್ನ ಓಟು ಎರಡನೇ ಡಬ್ಬಿಗೆ.

ಡಬ್ಬಿ ನೋಡಿ ಮರುಳಾಗಬೇಡಿ, ರಬ್ಬರ್ ಮೇಲಿನ ತಾರೀಖು ನೋಡಿ. ಹೆಚ್ಚಿನ ಪೀಸ್‌ಗಳಲ್ಲಿ ಗಡಿಯಾರದ ಹಾಗೆ ಒಂದು ಚಿಕ್ಕ ವೃತ್ತ ಇರುತ್ತದೆ, ಸುತ್ತ ತಿಂಗಳು, ನಡುವೆ ವರ್ಷ, ಒಂದು ಬಾಣ. ಒಂದು ಅಂಗಡಿಯಲ್ಲಿ ಸೀಲ್ ಒಡೆಯದ ಅಸಲಿ ಡಬ್ಬಿ ಕೊಟ್ಟರು, ಬಾಣದ ಪಕ್ಕದ ವರ್ಷ ತುಂಬಾ ಹಳೇದು. ಉಗುರಿನಿಂದ ಒತ್ತಿದರೆ ಹಳೇ ಚಪ್ಪಲಿ ಅಟ್ಟೆ ಥರ ಗಟ್ಟಿ. ಅಂಥದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ. ಶಿವಾಜಿನಗರದ ಗುಜರಿಯಲ್ಲಿ ಸಿಗುವ ಬಳಸಿದ ಮೌಂಟಿಂಗ್‌ಗೂ ಇದೇ ಮಾತು, ಅದರ ರಬ್ಬರ್‌ಗೂ ನಿಮ್ಮ ಕಾರಿನದ್ದರಷ್ಟೇ ವಯಸ್ಸು. ಶಾಫ್ಟ್, ಬ್ರ್ಯಾಕೆಟ್ ಥರ ಕಬ್ಬಿಣದ ಸಾಮಾನಿಗೆ ಗುಜರಿ ಒಳ್ಳೇದು.

ಹಾಕೋ ವಿಧಾನ ಕೆಟ್ಟರೆ ಒಳ್ಳೇ ರಬ್ಬರೂ ಬೇಗ ಹೋಗುತ್ತದೆ. ಸೈಲೆನ್ಸರ್ ಇಳಿಸಿ, ಬಿಸಿ ತಡೆಯುವ ಶೀಲ್ಡ್ ತೆಗೆದು, ಶಾಫ್ಟ್ ಬಿಚ್ಚುವ ಮೊದಲು ಅದರ ಎರಡೂ ತುಂಡಿನ ಮೇಲೆ ಪೇಂಟ್‌ನಿಂದ ಗುರುತು ಹಾಕಿಸಿ, ಹಳೇ ಜಾಗಕ್ಕೇ ಕೂರದಿದ್ದರೆ ಬ್ಯಾಲೆನ್ಸ್ ಕೆಡುತ್ತದೆ. ಡಿಸ್ಕ್ ಮೇಲೆ ಬಾಣ ಇದ್ದರೆ ಅದು ಫ್ಲ್ಯಾಂಜ್ (ಡಿಸ್ಕ್ ಬೋಲ್ಟ್ ಆಗುವ ಮೂರು ತೋಳಿನ ಲೋಹದ ತುದಿ) ತೋಳಿನ ಕಡೆ ತೋರಿಸಬೇಕು. ಬಿಗಿ ಮಾಡುವಾಗ ತಿರುಗಬೇಕಾದ್ದು ಫ್ಲ್ಯಾಂಜ್ ಕಡೆಯ ತಲೆ ಅಥವಾ ನಟ್. ಡಿಸ್ಕ್ ಕಡೆಯದನ್ನು ಪಾನಾದಲ್ಲಿ ಅಲುಗಾಡದ ಹಾಗೆ ಹಿಡಿದಿರಬೇಕು, ಇಲ್ಲಾಂದ್ರೆ ಹೊಸ ಡಿಸ್ಕ್ ಮೊದಲ ದಿನವೇ ತಿರುಚಿಕೊಂಡು ಕೂರುತ್ತದೆ. ಲಾಕ್ ನಟ್‌ಗಳು ಹೊಸದೇ ಆಗಬೇಕು. ಶಾಫ್ಟ್ ನಡುವಿನ ದೊಡ್ಡ ನಟ್ಟನ್ನೂ ಸೆಂಟರ್ ಬೇರಿಂಗ್‌ನ ಎರಡು ಬೋಲ್ಟನ್ನೂ ಕಾರು ಚಕ್ರದ ಮೇಲೆ ನಿಂತು, ಒಂದೆರಡು ಸಲ ಹಿಂದೆ ಮುಂದೆ ತಳ್ಳಿದ ಮೇಲೆ ಕೊನೆಗೆ ಬಿಗಿ ಮಾಡಬೇಕು. ಗ್ಯಾರೇಜ್‌ನವರು ಅವಸರದಲ್ಲಿ ಬಿಟ್ಟುಬಿಡೋದು ಇದನ್ನೇ. ಪಕ್ಕದಲ್ಲೇ ನಿಂತು ಮಾಡಿಸಿ.

ದುಡ್ಡು ಒಂದೇ ಸಲಕ್ಕೆ ಹೊಂದದಿದ್ದರೆ ಮೊದಲು ಎರಡೂ ಡಿಸ್ಕ್ ಮತ್ತು ಸೆಂಟರ್ ಬೇರಿಂಗ್ ಮಾಡಿಸಿ, ಹೇಗೂ ಶಾಫ್ಟ್ ಇಳಿಸಬೇಕು, ಕೂಲಿ ಒಂದೇ. ಆಮೇಲೆ ಎರಡೂ ಕಡೆಯ ಇಂಜಿನ್ ಮೌಂಟಿಂಗ್ ಜೊತೆಗೆ ಗೇರ್‌ಬಾಕ್ಸ್ ಮೌಂಟಿಂಗ್. ಒಂದನ್ನು ಮಾತ್ರ ಹೊಸದು ಹಾಕಿದರೆ ಇಂಜಿನ್ ಓರೆಯಾಗಿ ಕೂತು ಅದನ್ನೂ ಬೇಗ ತಿಂದುಹಾಕುತ್ತದೆ. ಡಿಫರೆನ್ಷಿಯಲ್ ಮೌಂಟಿಂಗ್ ಕೊನೆಗೆ ಸಾಕು.