ನ್ಯಾನೊ ಬೆಳ್ಳಿಯ ಮೀನುಮದ್ದು: ಚೀಟಿಯಲ್ಲಿ ನೀರಿನ ಮಾತೇ ಇಲ್ಲ

ಮೀನಿನ ರೆಕ್ಕೆ ಕೊಳೆಯುವ ರೋಗಕ್ಕೂ ಮೈಮೇಲಿನ ಬೂಷ್ಟಿಗೂ ಒಳ್ಳೆಯದೆಂದು ಅಕ್ವೇರಿಯಂ ಅಂಗಡಿಯೊಂದರಲ್ಲಿ ಕೊಟ್ಟ ನ್ಯಾನೊ ಬೆಳ್ಳಿಯ (ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿ ಕಣಗಳ) ದ್ರಾವಣವನ್ನು ಎರಡು ತಿಂಗಳು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸೀಸೆ ಗಟ್ಟಿಯಾಗಿದೆ, ಹನಿ ಹಾಕುವ ಮುಚ್ಚಳ ಸೋರುವುದಿಲ್ಲ. ಹತ್ತು ಲೀಟರಿಗೆ ಒಂದು ಮಿಲಿಲೀಟರ್ ಎಂಬುದಷ್ಟೇ ಚೀಟಿಯ ಮೇಲಿನ ಸೂಚನೆ. ಯಾವ ನೀರಿನ ಹತ್ತು ಲೀಟರ್ ಎಂದು ಅದು ಹೇಳುವುದಿಲ್ಲ. ನನ್ನ ತಕರಾರಿರುವುದು ಅಲ್ಲೇ.

ನಮ್ಮ ಮನೆಯಲ್ಲಿ ಎರಡು ತೊಟ್ಟಿಗಳಿವೆ. ಗಪ್ಪಿಗಳಿಗೆ ಕೊಳವೆಬಾವಿಯ ನೀರು, ಗಾಜಿನ ಅಂಚಿಗೆ ಬಿಳಿ ಸುಣ್ಣ ಕಟ್ಟುವಷ್ಟು ಗಡಸು. ನಿಯಾನ್ ಟೆಟ್ರಾಗಳಿಗೆ ಸೋಸಿದ ಮಳೆನೀರು. ಎರಡಕ್ಕೂ ಚೀಟಿಯ ಅಳತೆಯಂತೆಯೇ ಹಾಕಿದೆ. ಗಪ್ಪಿಗಳು ಏನೂ ಆಗದವರಂತೆ ಈಜಾಡಿದವು, ಅವುಗಳ ಮೈಮೇಲಿನ ಬೂಷ್ಟೂ ಹಾಗೆಯೇ ಉಳಿಯಿತು. ಟೆಟ್ರಾಗಳು ಸಂಜೆಯ ಹೊತ್ತಿಗೆ ಮೇಲೆ ಬಂದು ಬಾಯಿ ಬಿಡತೊಡಗಿದವು. ಬೇರೆ ನೀರಿಗೆ ಬಿಟ್ಟರೂ ಎರಡು ಉಳಿಯಲಿಲ್ಲ. ಮೀನಿನ ಹೊಲಸಿನ ಅಮೋನಿಯವನ್ನು ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾ ಬೆಳ್ಳಿಯಿಂದ ಸತ್ತು ಅಮೋನಿಯ ಏರಿತೇನೋ ಎಂದು ಆಗಲೇ ನೀರು ಪರೀಕ್ಷಿಸುವ ಕಿಟ್ಟಿನಲ್ಲಿ ನೋಡಿದೆ, ಏರಿರಲಿಲ್ಲ. ಒಂದು ಮನೆಯ ಎರಡು ತೊಟ್ಟಿಗಳಿಂದ ಏನೂ ಸಿದ್ಧವಾಗದು, ಒಪ್ಪುತ್ತೇನೆ. ಆದರೆ ಕಂಡದ್ದು ತಿಳಿದಿರುವ ರಸಾಯನಶಾಸ್ತ್ರಕ್ಕೆ ವಿರುದ್ಧವಾಗಿಲ್ಲ.

ನ್ಯಾನೊ ಬೆಳ್ಳಿಯ ಕಣಗಳು ನೀರಿನಲ್ಲಿ ನಿಧಾನವಾಗಿ ಕರಗಿ ಬೆಳ್ಳಿಯ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಬೆಳ್ಳಿಯ ಪರಮಾಣುಗಳನ್ನು, ಬಿಡುತ್ತವೆ. ಸಿಹಿನೀರಿನ ಮೀನು ಕಿವಿರಿನ ಮೂಲಕ ನೀರಿನಿಂದ ಸೋಡಿಯಂ ಹೀರಿಕೊಂಡೇ ಮೈಯ ಲವಣವನ್ನು ಕಾಯ್ದುಕೊಳ್ಳಬೇಕು. ಬೆಳ್ಳಿಯ ಅಯಾನು ಆ ಕೆಲಸ ಮಾಡುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಿಂದಾಗಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ತಳ ಸೇರುತ್ತವೆ, ಕ್ಲೋರೈಡ್ ಇದ್ದರೆ ಅಯಾನುಗಳನ್ನು ಹಿಡಿದುಕೊಳ್ಳುತ್ತದೆ. ಎಲೆ ಕೊಳೆತು ಕಂದಾದ ನೀರಿನ ಹ್ಯೂಮಿಕ್ ಆಮ್ಲವಂತೂ ಕಣಗಳಿಗೆ ಹೊದಿಕೆಯಾಗಿ, ಅಯಾನುಗಳಿಗೆ ಬಲೆಯಾಗಿ, ವಿಷವನ್ನು ಬಹಳಮಟ್ಟಿಗೆ ತಗ್ಗಿಸುತ್ತದೆ. ತೊಟ್ಟಿಗೆ ಒಣ ಬಾದಾಮಿ ಎಲೆ ಹಾಕುವವರು ಇದನ್ನು ಗಮನಿಸಬೇಕು: ಮೀನನ್ನು ಕಾಯುವ ಈ ನೀರೇ ಮದ್ದನ್ನೂ ಮೊಂಡು ಮಾಡುತ್ತದೆ. ಮಳೆನೀರಿನಲ್ಲಿ ಇಂಥ ಯಾವ ಅಡ್ಡಗೋಡೆಯೂ ಇಲ್ಲ. ಹೀಗಾಗಿ ಅದೇ ಒಂದು ಮಿಲಿಲೀಟರ್ ಒಂದು ಕಡೆ ವ್ಯರ್ಥ, ಇನ್ನೊಂದು ಕಡೆ ಮಿತಿಮೀರಿದ ಪ್ರಮಾಣ.

ತೊಟ್ಟಿಯಿಂದಾಚೆಗೂ ಇದು ಸಣ್ಣ ವಿಷಯವಲ್ಲ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಇರಿಸಿರುವ 222ನೇ ಸರೋವರಕ್ಕೆ 2014 ಮತ್ತು 2015ರಲ್ಲಿ ವಿಜ್ಞಾನಿಗಳು ನ್ಯಾನೊ ಬೆಳ್ಳಿ ಬೆರೆಸಿದಾಗ ಅಲ್ಲಿನ ಹಳದಿ ಪರ್ಚ್ ಮೀನುಗಳ ಸಂಖ್ಯೆ ಇಳಿಯಿತು. ನೀರಿನಲ್ಲಿದ್ದ ಬೆಳ್ಳಿ ಲೀಟರಿಗೆ ಕೆಲವೇ ಮೈಕ್ರೊಗ್ರಾಂ. ನಾವು ಬದಲಿಸಿ ಚೆಲ್ಲುವ ನೀರು ಒಳಚರಂಡಿಗೆ ಹೋದರೆ ಅಲ್ಲಿನ ಸಲ್ಫೈಡ್ ಜೊತೆ ಸೇರಿ ಬೆಳ್ಳಿಯ ವಿಷ ಬಹುಪಾಲು ಅಡಗುತ್ತದೆ, ಮಳೆಚರಂಡಿಯ ಮೂಲಕ ನೇರ ಕೆರೆಗೆ ಹೋದರೆ ಆ ಭರವಸೆಯಿಲ್ಲ.

ಐದರಲ್ಲಿ ಎರಡು ಅಂಕ ಕೊಡುತ್ತೇನೆ, ಅದೂ ಸೀಸೆಗೆ. ಗಡಸುತನ ಎಷ್ಟಿರಬೇಕು, ಮಳೆನೀರು ಅಥವಾ ಆರ್‌ಒ ನೀರಿಗೆ ಹಾಕಬಹುದೇ, ಒಂದು ಮಿಲಿಲೀಟರಿನಲ್ಲಿ ಬೆಳ್ಳಿ ಎಷ್ಟಿದೆ ಎಂಬ ಮೂರು ಸಾಲು ಚೀಟಿಯ ಮೇಲೆ ಬರುವತನಕ ಇದನ್ನು ಮೀನಿರುವ ನೀರಿಗೆ ಹಾಕಲಾರೆ. ಉಳಿದ ಅರ್ಧ ಸೀಸೆಯಿಂದ ಬಲೆ, ಬಕೆಟ್ಟುಗಳನ್ನು ತೊಳೆಯುತ್ತಿದ್ದೇನೆ, ತೊಳೆದ ನೀರನ್ನು ಬಚ್ಚಲಿಗೇ ಸುರಿಯುತ್ತೇನೆ.