ಬಣ್ಣದ ಗುಂಪು, ಆಟದ ಕೋಣೆ, ಮನೆಯ ಅರ್ಧ ಗಂಟೆ: ಮಗಳಿಗಾಗಿ ಮೂರನ್ನೂ ಪ್ರಯತ್ನಿಸಿದ ಮೇಲೆ

ತರಬೇತಿ ಪಡೆದ ಅಪ್ಪ ಅಮ್ಮಂದಿರೇ ವಾರಕ್ಕೊಮ್ಮೆ ಅರ್ಧ ಗಂಟೆ ಮನೆಯಲ್ಲಿ ಮಗುವಿನೊಂದಿಗೆ ಆಡುವ ಪದ್ಧತಿಯೊಂದಿದೆ. ಅದನ್ನು ಮೊದಲೇ ಆರಿಸಿಕೊಂಡಿದ್ದರೆ ನನ್ನ ಮಗಳ ಎಷ್ಟೋ ತಿಂಗಳ ಸಂಕಟ ತಪ್ಪುತ್ತಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ನಾವು ಅಲ್ಲಿಗೆ ತಲುಪಿದ್ದು ಸುತ್ತುದಾರಿಯಲ್ಲಿ. ಮೊದಲು ಆರು ವಾರ ಆರ್ಟ್ ಥೆರಪಿಯ, ಅಂದರೆ ಚಿತ್ರ, ಮಣ್ಣಿನ ಕೆಲಸಗಳ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆಯ, ಗುಂಪೊಂದಕ್ಕೆ ಸೇರಿಸಿದೆವು, ಆಮೇಲೆ 14 ವಾರ ಆಟದ ಮೂಲಕವೇ ಮಗುವಿನ ಮನಸ್ಸಿಗೆ ಚಿಕಿತ್ಸೆ ಕೊಡುವ ಆಟದ ಥೆರಪಿಸ್ಟ್ ಒಬ್ಬರ ಬಳಿಗೆ ಕರೆದೊಯ್ದೆವು, ಕೊನೆಗೆ ಅವರ ಸಲಹೆಯಿಂದಲೇ ನಾವಿಬ್ಬರೂ ತರಬೇತಿಗೆ ಕುಳಿತೆವು.

ಮಗಳು ಎರಡನೆಯ ತರಗತಿಯಲ್ಲಿದ್ದಾಗ ನನ್ನ ಮಾವನವರು ತೀರಿಕೊಂಡರು. ಅವಳು ಹುಟ್ಟಿದಾಗಿನಿಂದ ತಾತನ ಮಡಿಲಲ್ಲೇ ಬೆಳೆದವಳು. ಅವರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದ ರಾತ್ರಿಯೇ ನಾವು ಅವಳನ್ನು ಚಿಕ್ಕಮ್ಮನ ಮನೆಗೆ ಕಳಿಸಿದೆವು, ವೈಕುಂಠ ಸಮಾರಾಧನೆ ಮುಗಿದ ಮೇಲಷ್ಟೇ ಕರೆತಂದೆವು. ಅಷ್ಟು ದಿನವೂ ಯಾರೋ ತಾತ ಊರಿಗೆ ಹೋಗಿದ್ದಾರೆ ಎಂದಿದ್ದರು, ಇನ್ನಾರೋ ದೇವರ ಹತ್ತಿರ ಹೋಗಿದ್ದಾರೆ ಎಂದಿದ್ದರು. ಒಂದು ತಿಂಗಳೊಳಗೆ ಅವಳು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳತೊಡಗಿದಳು, ನಾನು ಸ್ನಾನಕ್ಕೆ ಹೋದರೂ ಬಾಗಿಲು ಹಾಕಿಕೊಳ್ಳಲು ಬಿಡುತ್ತಿರಲಿಲ್ಲ, ಶಾಲೆಗೆ ಹೊರಡುವ ಹೊತ್ತಿಗೆ ಚೀಲ ಬಚ್ಚಿಡುತ್ತಿದ್ದಳು. ಮಕ್ಕಳ ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿ, ದೇಹಕ್ಕೆ ಏನೂ ಆಗಿಲ್ಲ, ಮನಃಶಾಸ್ತ್ರಜ್ಞರನ್ನು ಕಾಣಿರಿ ಎಂದರು. ನಾವು ಆ ಮಾತನ್ನು ಅರ್ಧ ಮಾತ್ರ ಕೇಳಿ, ಮನೆಗೆ ಹತ್ತಿರವಿದೆ, ಶನಿವಾರ ನಡೆಯುತ್ತದೆ ಎಂಬ ಎರಡೇ ಕಾರಣಗಳಿಗೆ ಬೆಂಗಳೂರಿನ ನಮ್ಮ ಬಡಾವಣೆಯ ಗುಂಪೊಂದಕ್ಕೆ ಸೇರಿಸಿದೆವು.

ಆ ಗುಂಪಿನಲ್ಲಿ ಒಳ್ಳೆಯದೂ ಇತ್ತು. ಐದೇ ಮಕ್ಕಳು, ತರಗತಿಗೆ 700 ರೂಪಾಯಿ, ಕೈತುಂಬ ಜೇಡಿಮಣ್ಣು. ಮಣ್ಣನ್ನು ಹಿಸುಕಿ, ಬಡಿದು, ಮತ್ತೆ ಮುದ್ದೆ ಮಾಡುವಾಗ ಅವಳ ಬಿಗಿದ ಹೆಗಲು ಸಡಿಲವಾಗುತ್ತಿದ್ದುದನ್ನು ನಾನು ಬಾಗಿಲ ಗಾಜಿನ ಮೂಲಕ ನೋಡಿದ್ದೇನೆ. ಮಾತು ಹೊರಡದ ಮಗುವಿಗೆ ಕೈಗೊಂದು ಕೆಲಸ ಸಿಕ್ಕರೆ ಎಷ್ಟು ಆಸರೆಯಾಗುತ್ತದೆ ಎಂಬುದು ಆಗ ತಿಳಿಯಿತು.

ನಾಲ್ಕನೆಯ ಶನಿವಾರ ಅವಳು ಒಂದು ಮಂಚ ಬರೆದಳು. ಆಸ್ಪತ್ರೆಯ ಮಂಚ, ಹಾಳೆ ತುಂಬುವಷ್ಟು ದೊಡ್ಡದು, ಕೆಳಗೆ ನಾಲ್ಕು ಕಪ್ಪು ಗಾಲಿಗಳು, ಮೇಲೆ ಯಾರೂ ಇಲ್ಲ. ತಾತನ ಬಗ್ಗೆ ಎರಡು ತಿಂಗಳಲ್ಲಿ ಅವಳು ಹೊರಗೆಡಹಿದ ಮೊದಲ ಸಂಗತಿ ಅದು. ಅಂದು ಸಂಜೆಯೇ ಆ ಚಿತ್ರದ ಫೋಟೊ ಗುಂಪಿನ ಪೋಷಕರ ವಾಟ್ಸ್‌ಆ್ಯಪ್‌ಗೆ ಬಂತು. ಐದೂ ಮಕ್ಕಳ ಚಿತ್ರಗಳು, ಪ್ರತಿಯೊಂದರ ಕೆಳಗೂ ಮಗುವಿನ ಹೆಸರು, ಜೊತೆಗೆ ಒಂದೊಂದು ಸಾಲಿನ ಟಿಪ್ಪಣಿ. ನನ್ನ ಮಗಳ ಚಿತ್ರದ ಕೆಳಗೆ ‘ಕಪ್ಪು ಬಣ್ಣದ ಬಳಕೆ ಹೆಚ್ಚು, ಒಳಗೆ ದುಃಖವಿದೆ’ ಎಂದಿತ್ತು. ಅವಳು ಮನೆಗೆ ಬರುವಾಗಲೇ, ನೀಲಿ ಬಣ್ಣವನ್ನು ಇನ್ನೊಬ್ಬ ಹುಡುಗ ಕೊಡಲೇ ಇಲ್ಲ ಎಂದು ಸಿಟ್ಟಿನಿಂದ ಹೇಳಿದ್ದಳು. ದುಃಖವಿದ್ದದ್ದು ನಿಜ. ಆದರೆ ಅದು ಇದ್ದದ್ದು ಖಾಲಿ ಮಂಚದಲ್ಲಿ, ಗಾಲಿಯ ಬಣ್ಣದಲ್ಲಲ್ಲ. ಒಂದು ಬಣ್ಣಕ್ಕೆ ಒಂದು ಅರ್ಥವನ್ನು ಕಟ್ಟುವ ಈ ರೂಢಿ ಚಿತ್ರವನ್ನೂ ಕಾಣಗೊಡುವುದಿಲ್ಲ, ಮಗುವನ್ನೂ ಕಾಣಗೊಡುವುದಿಲ್ಲ.

ಎರಡು ದಿನಗಳ ನಂತರ ಲಿಫ್ಟಿನಲ್ಲಿ ಸಿಕ್ಕ ನೆರೆಮನೆಯವರು, ಅವರ ಮಗನೂ ಅದೇ ಗುಂಪಿನಲ್ಲಿದ್ದ, ತುಂಬ ಕಳಕಳಿಯಿಂದಲೇ ಕೇಳಿದರು: “ಆ ಮಂಚದ ಚಿತ್ರ ನೋಡಿ ಹೊಟ್ಟೆ ಚುರುಕ್ ಅಂತು. ಈಗ ಹೇಗಿದಾಳೆ ಪಾಪು?” ಅವಳು ನನ್ನ ಕೈ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಮನೆಯೊಳಗೆ ಬಂದು ಚಪ್ಪಲಿ ಕಳಚುವ ಮೊದಲೇ ಕೇಳಿದಳು: “ಅಮ್ಮಾ, ಆ ಆಂಟಿಗೆ ನನ್ನ ಮಂಚ ಹೇಗೆ ಗೊತ್ತು?” ನನ್ನ ಬಳಿ ಕೊಡಬಹುದಾದ ಉತ್ತರವಿರಲಿಲ್ಲ.

ಉಳಿದ ಎರಡು ಶನಿವಾರಗಳಲ್ಲಿ ಅವಳು ಬರೆದದ್ದು ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ, ಮುಂದೆ ಹರಿಯುವ ಹೊಳೆ. ನಮ್ಮಲ್ಲಿ ಪ್ರತಿ ಮಗುವೂ ದೊಡ್ಡವರಿಗೆ ತೋರಿಸಲೆಂದು ಬರೆಯುವ ಚಿತ್ರ ಅದು. ಎರಡು ವಾರವೂ ಅದನ್ನೇ ಬರೆದಳು. ಗುಂಪಿನಲ್ಲಿ ಅದಕ್ಕೆ ಮೊದಲಿಗಿಂತ ಹೆಚ್ಚು ಮೆಚ್ಚುಗೆ ಬಂತು.

ನಾನು ಹೋಗಿ ಮಾತನಾಡಿದಾಗ ಗುಂಪು ನಡೆಸುತ್ತಿದ್ದವರು ಕ್ಷಮೆ ಕೇಳಿ ಫೋಟೊ ಅಳಿಸಿದರು. ಆದರೆ ಅಷ್ಟರಲ್ಲಿ ಅದು ಉಳಿದ ಪೋಷಕರ ಫೋನುಗಳನ್ನು ಸೇರಿಯಾಗಿತ್ತು. ಸೇರುವಾಗ ನಾನು ಸಹಿ ಮಾಡಿದ ಅರ್ಜಿಯಲ್ಲಿ ‘ದಾಖಲೆಗಾಗಿ ಛಾಯಾಚಿತ್ರ ತೆಗೆಯಬಹುದು’ ಎಂಬ ಒಂದು ಸಾಲಿತ್ತು, ಅದನ್ನು ನಾನು ಓದಿಯೂ ಇದ್ದೆ. ಅವರು ಒಳ್ಳೆಯ ಚಿತ್ರಕಲಾ ಶಿಕ್ಷಕರು, ಥೆರಪಿಯ ವಿಷಯದಲ್ಲಿ ಅವರಿಗಿದ್ದದ್ದು ಕೆಲವು ದಿನಗಳ ಕಾರ್ಯಾಗಾರದ ಅನುಭವ ಮಾತ್ರ ಎಂಬುದನ್ನು ನಾನು ಕೇಳಿ ತಿಳಿದದ್ದು ಎಲ್ಲ ಮುಗಿದ ಮೇಲೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಈ ತಪ್ಪನ್ನು ಆರ್ಟ್ ಥೆರಪಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ 1942ರಲ್ಲಿ ಏಡ್ರಿಯನ್ ಹಿಲ್ ಎಂಬ ಕಲಾವಿದರು ಆ ಹೆಸರನ್ನು ಬಳಕೆಗೆ ತಂದರು. ಅಮೆರಿಕದಲ್ಲಿ ಮಾರ್ಗರೆಟ್ ನಾಮ್‌ಬರ್ಗ್ ಚಿತ್ರವನ್ನು ಮನಸ್ಸಿನ ಸಾಂಕೇತಿಕ ಮಾತೆಂದು ಕಂಡರೆ, ಈಡಿತ್ ಕ್ರೇಮರ್ ಚಿತ್ರ ಬರೆಯುವ ಕ್ರಿಯೆಯಲ್ಲೇ ಗುಣಪಡಿಸುವ ಶಕ್ತಿಯಿದೆ ಎಂದರು. ಈ ಎರಡರಲ್ಲಿ ಯಾವ ದಾರಿಯಲ್ಲಿ ನಡೆದರೂ ಚಿತ್ರ ಮಗುವಿನದು. ಅದನ್ನು ಮಗುವಿನ ಹೆಸರಿನ ಫೈಲಿನಲ್ಲಿ ಜೋಪಾನವಾಗಿ ಇಡಬೇಕು, ಗೋಡೆಗೆ ಏರಿಸುವುದಿದ್ದರೆ ಪೋಷಕರನ್ನೂ ಮಗುವನ್ನೂ ಕೇಳಬೇಕು. ಇದನ್ನು ನನಗೆ ವಿವರಿಸಿದವರು ನಾವು ಆಮೇಲೆ ಕಂಡ ಆಟದ ಥೆರಪಿಸ್ಟ್. ಅವರ ಬಳಿ ನಾವು ಮೂವರೂ ಒಂದೇ ಚಾರ್ಟ್ ಹಾಳೆಯ ಮೇಲೆ, ಒಬ್ಬೊಬ್ಬರಿಗೆ ಒಂದೊಂದೇ ಬಣ್ಣ, ಮಾತಾಡದೆ ಚಿತ್ರ ಬರೆದೆವು. ನನ್ನ ಪತಿ ಒಂದು ಮೂಲೆಯನ್ನು ಬಿಟ್ಟು ಕದಲಲಿಲ್ಲ, ನಾನು ನಡುಭಾಗವನ್ನೆಲ್ಲ ತುಂಬಿಬಿಟ್ಟೆ, ಮಗಳು ಸಿಕ್ಕ ಸಂದುಗಳಲ್ಲಿ ಸಣ್ಣ ಸಣ್ಣ ಗೆರೆ ಎಳೆದಳು. ಆ ಹಾಳೆಯನ್ನು ನೋಡಿದ ಮೇಲೆ, ತಂದೆಯನ್ನು ಕಳೆದುಕೊಂಡ ಈ ಮನುಷ್ಯ ನಮ್ಮ ಮನೆಯಲ್ಲಿ ಒಂದು ದಿನವೂ ಅತ್ತಿಲ್ಲ ಎಂಬುದು ನನ್ನ ಅರಿವಿಗೆ ಬಂತು. ಕುಟುಂಬಕ್ಕೆ ತನ್ನನ್ನು ತಾನೇ ತೋರಿಸುವುದರಲ್ಲಿ ಬಣ್ಣಕ್ಕಿರುವ ಶಕ್ತಿ ನಾನು ಕಂಡ ಮಟ್ಟಿಗೆ ಬೇರೆ ಯಾವುದಕ್ಕೂ ಇಲ್ಲ.

ಆಟದ ಥೆರಪಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಈ ವೃತ್ತಿಯವರನ್ನು ನೋಂದಾಯಿಸುವ ಸರ್ಕಾರಿ ಸಂಸ್ಥೆ) ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್. ಮೊದಲ ಭೇಟಿಗೆ ಮಗುವನ್ನು ಕರೆತರಬೇಡಿ ಎಂದು ಹೇಳಿ, ಒಂದು ಗಂಟೆ ನಮ್ಮಿಬ್ಬರ ಮಾತನ್ನೇ ಕೇಳಿಸಿಕೊಂಡರು. ಆಮೇಲೆ ವಾರಕ್ಕೆ 45 ನಿಮಿಷ, 1,400 ರೂಪಾಯಿ. ಕೋಣೆಯಲ್ಲಿ ಅಡುಗೆ ಸಾಮಾನಿನ ಆಟಿಕೆಗಳು, ಡಾಕ್ಟರ್ ಸೆಟ್, ಕೈಗೊಂಬೆಗಳು, ಗಾಡಿಗಳು, ಮರಳಿನ ತಟ್ಟೆ. ಪ್ರತಿ ವಾರವೂ ಪ್ರತಿ ಆಟಿಕೆ ಅದೇ ಜಾಗದಲ್ಲಿರುತ್ತಿತ್ತು. ಮನೆಯಲ್ಲಿ ಒಬ್ಬ ಮನುಷ್ಯ ಒಂದು ರಾತ್ರಿ ಇದ್ದಕ್ಕಿದ್ದಂತೆ ಕಾಣೆಯಾಗಿದ್ದ ಮಗುವಿಗೆ, ಕಳೆದ ವಾರ ಬಿಟ್ಟು ಹೋದ ಗೊಂಬೆ ಅಲ್ಲೇ ಕಾದಿರುವುದು ಸಣ್ಣ ಸಂಗತಿಯಲ್ಲ.

ವರ್ಜೀನಿಯಾ ಆ್ಯಕ್ಸ್‌ಲೈನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞೆ 1940ರ ದಶಕದಲ್ಲಿ ರೂಪಿಸಿದ ದಾರಿ ಇದು: ಮಗು ಮುಂದೆ ನಡೆಯುತ್ತದೆ, ಥೆರಪಿಸ್ಟ್ ಹಿಂದೆ ಬರುತ್ತಾರೆ, ಅವಸರ ಮಾಡುವುದಿಲ್ಲ. ಮೊದಲ ನಾಲ್ಕು ವಾರ ಅವಳು ಇಡ್ಲಿ ಬೇಯಿಸುವುದೊಂದನ್ನೇ ಆಡಿದಳಂತೆ. ಇಷ್ಟನ್ನು ಮಗಳೇ ಹೇಳಿದ್ದರಿಂದ ನನಗೆ ಗೊತ್ತು. ಥೆರಪಿಸ್ಟ್ ನಮಗೆ ಹೇಳುತ್ತಿದ್ದದ್ದು ಆಟದ ವಿವರವನ್ನಲ್ಲ, ಅದರ ಹುರುಳನ್ನು ಮಾತ್ರ: ಬಾಗಿಲು, ಕಾಯುವುದು, ಒಳಗೆ ಬಿಡದಿರುವುದು. ಹಣ ಕೊಟ್ಟು ಹೊರಗಿನ ಬೆಂಚಿನ ಮೇಲೆ ಕುಳಿತು, ಒಳಗೆ ಏನಾಯಿತೆಂದು ತಿಳಿಯದೆ ಮನೆಗೆ ಬರುವುದು ಕಷ್ಟವೇ. ವಾಟ್ಸ್‌ಆ್ಯಪ್‌ನ ಆ ಮಂಚವನ್ನು ನೆನೆದು ನಾನು ಆ ಕಷ್ಟವನ್ನು ಒಪ್ಪಿಕೊಂಡೆ. ಹತ್ತನೆಯ ವಾರದ ಹೊತ್ತಿಗೆ ಹಾಸಿಗೆ ಹೆಚ್ಚಿನ ರಾತ್ರಿಗಳಲ್ಲಿ ಒಣಗಿರುತ್ತಿತ್ತು.

ಹಾಗಿದ್ದರೂ ನಾನು ಆ ಕೋಣೆಯನ್ನು ಮೊದಲ ಸ್ಥಾನದಲ್ಲಿ ಇಡುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ತನ್ನ ದುಃಖವನ್ನು ಬಲ್ಲ ಒಬ್ಬ ಪರಿಣತೆ ಮಾತ್ರವಲ್ಲ. ಆ ರಾತ್ರಿ ತನ್ನನ್ನು ದೂರ ಕಳಿಸಿದ ಅಪ್ಪ ಅಮ್ಮನೇ ಬಂದು ತನ್ನ ಆಟದಲ್ಲಿ ಕುಳಿತುಕೊಳ್ಳಬೇಕಾಗಿತ್ತು. ಥೆರಪಿಸ್ಟ್ ಅದನ್ನು ನನಗಿಂತ ಮೊದಲೇ ಕಂಡಿದ್ದರು.

ಅಪ್ಪ ಅಮ್ಮನೇ ತರಬೇತಿ ಪಡೆದು ಮಗುವಿನೊಂದಿಗೆ ಆಡುವ ಈ ಪದ್ಧತಿಗೆ ಇಂಗ್ಲಿಷಿನಲ್ಲಿ ಫಿಲಿಯಲ್ ಥೆರಪಿ ಎನ್ನುತ್ತಾರೆ. 1960ರ ದಶಕದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರಾದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಇದನ್ನು ಆರಂಭಿಸಿದರು, ಮುಂದೆ ಅಲ್ಲಿಯವರೇ ಆದ ಆಟದ ಥೆರಪಿಸ್ಟ್ ಗ್ಯಾರಿ ಲ್ಯಾಂಡ್ರೆತ್ ಇದನ್ನು 10 ತರಗತಿಗಳಿಗೆ ಅಡಕಗೊಳಿಸಿದರು. ನಮ್ಮದು ನಾಲ್ಕು ಕುಟುಂಬಗಳ ಗುಂಪು, 10 ತರಗತಿಗೆ ಒಟ್ಟು 12,000 ರೂಪಾಯಿ. ಬೇರೆ ಹೊತ್ತಿನಲ್ಲಿ ಮುಟ್ಟದ ಒಂದು ಪೆಟ್ಟಿಗೆ ಆಟಿಕೆ, ವಾರಕ್ಕೊಂದು ನಿಗದಿತ ವೇಳೆ, ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಪ್ರಶ್ನೆ ಕೇಳಬಾರದು, ಪಾಠ ಹೇಳಬಾರದು, ‘ವೆರಿ ಗುಡ್’ ಎನ್ನಬಾರದು, ಕಂಡದ್ದನ್ನು ಮತ್ತು ಮಗುವಿಗೆ ಅನ್ನಿಸುತ್ತಿರುವುದನ್ನು ಮಾತ್ರ ಮಾತಿನಲ್ಲಿ ಹೇಳಬೇಕು. ತಡೆಯಲೇಬೇಕಾದಾಗ ಮೂರು ಹೆಜ್ಜೆ: ಆಸೆಯನ್ನು ಗುರುತಿಸುವುದು, ಮಿತಿಯನ್ನು ಹೇಳುವುದು, ಬೇರೆ ದಾರಿ ತೋರಿಸುವುದು. “ಗೋಡೆ ಮೇಲೆ ಬರೀಬೇಕು ಅಂತ ನಿಂಗೆ ತುಂಬಾ ಆಸೆ. ಗೋಡೆ ಬರಿಯೋಕೆ ಇರೋದಲ್ಲ. ಆ ಹಾಳೆ ಮೇಲೆ ಬರೀಬಹುದು.” ಎಲ್ಲದರಲ್ಲೂ ‘ಎಷ್ಟಿವೆ ಎಣಿಸು’ ಎನ್ನುವ ನನ್ನ ಅಭ್ಯಾಸ ಬಿಡಲು ಮೂರು ವಾರ ಬೇಕಾಯಿತು. ನನ್ನ ಪತಿಗೆ ಅದು ಮೊದಲ ದಿನದಿಂದಲೇ ಒಗ್ಗಿತು, ಸುಮ್ಮನೆ ಪಕ್ಕದಲ್ಲಿ ಕುಳಿತಿರುವುದು ಅವರ ಸ್ವಭಾವ.

ಪೆಟ್ಟಿಗೆಗೆ ಬೇಕಾದ ಗೊಂಬೆ ಕುಟುಂಬವೊಂದನ್ನು ಹುಡುಕಿದೆವು. ಅಂಗಡಿಗಳಲ್ಲಿ ನಮಗೆ ಸಿಕ್ಕವೆಲ್ಲ ಹೊಂಬಣ್ಣದ ಕೂದಲಿನ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಯಾವುದರಲ್ಲೂ ತಾತ ಇರಲಿಲ್ಲ. ಮಗಳೇ ದಸರಾ ಗೊಂಬೆಗಳ ಡಬ್ಬ ತೆಗೆಸಿ, ಪೇಟ ಸುತ್ತಿದ ಮರದ ಶೆಟ್ಟರ ಗೊಂಬೆಯನ್ನು ಆರಿಸಿಕೊಂಡಳು. ಎರಡನೆಯ ವಾರ ಶೆಟ್ಟರನ್ನು ವ್ಯಾನಿನಲ್ಲಿ ಮಲಗಿಸಿ, ದಿಂಬುಗಳಿಂದ ಒಂದು ಕೋಣೆ ಕಟ್ಟಿ, ನನಗೆ ಹೇಳಿದಳು: “ನೀನು ಹೊರಗೇ ಕೂತ್ಕೋ. ಒಳಗೆ ಬರೋ ಹಾಗಿಲ್ಲ.” ನಾನು ಕಲಿತಂತೆ ಹೇಳಿದೆ: “ಒಳಗೆ ಏನಾಗ್ತಿದೆ ಅಂತ ಹೊರಗಿರೋರಿಗೆ ಗೊತ್ತಾಗೋಲ್ಲ.” ಅವಳು ಒಂದು ಕ್ಷಣ ನನ್ನ ಮುಖ ನೋಡಿ, “ಹೂಂ, ಯಾರೂ ಹೇಳೋದೇ ಇಲ್ಲ” ಎಂದಳು. ಆ ಅರ್ಧ ಗಂಟೆ ಪೂರ್ತಿ ನಾನು ದಿಂಬಿನ ಹೊರಗೆ ಕುಳಿತಿದ್ದೆ. ಅವಳನ್ನು ನಾವು 13 ದಿನ ಕೂರಿಸಿದ್ದ ಜಾಗ ಅದು. ಆ ರಾತ್ರಿ ನಾವಿಬ್ಬರೂ ಅವಳಿಗೆ ತಾತನ ಸಾವನ್ನು ಸಾವು ಎಂಬ ಪದವನ್ನೇ ಬಳಸಿ ಹೇಳಿದೆವು. ನನ್ನ ಪತಿ ಆಗ ಅವಳ ಮುಂದೆಯೇ ಅತ್ತರು.

ಇನ್ನು ಉಳಿದ ಮಾತುಗಳು. ಆನ್‌ಲೈನ್ ಭೇಟಿಯನ್ನು ಒಮ್ಮೆ ಪ್ರಯತ್ನಿಸಿದೆವು, ಏಳು ವರ್ಷದ ಮಗುವಿಗೆ ಅದು ಸಲ್ಲದು. ಖಾಸಗಿ ಶುಲ್ಕ ಭರಿಸಲಾಗದವರು ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗಕ್ಕೆ ಹೋಗಬಹುದು. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮರಳಿನ ತಟ್ಟೆಯನ್ನು ನನ್ನ ಮಗಳು ಮುಟ್ಟಲಿಲ್ಲ, ಹಾಗಾಗಿ ಅದರ ಬಗ್ಗೆ ನಾನು ಹೇಳಬಲ್ಲದ್ದೇನೂ ಇಲ್ಲ.

ನಮ್ಮ ಖರ್ಚಿನ ಲೆಕ್ಕ ಹೀಗಿದೆ: ಬಣ್ಣದ ಗುಂಪಿಗೆ 4,200, ಆಟದ ಕೋಣೆಗೆ 19,600, ತರಬೇತಿ ಮತ್ತು ಪೆಟ್ಟಿಗೆಗೆ ಸುಮಾರು 14,000 ರೂಪಾಯಿ. ತರಬೇತಿ ಮುಗಿದ ಮೇಲೆ ಪ್ರತಿ ವಾರದ ಅರ್ಧ ಗಂಟೆಗೆ ಖರ್ಚಿಲ್ಲ. ಇಬ್ಬರೂ ದುಡಿಯುವ, ತಿಂಗಳ ಕೊನೆಗೆ ಲೆಕ್ಕ ನೋಡುವ ನಮ್ಮಂಥ ಮನೆಗೆ ಇದು ದೊಡ್ಡ ಮಾತು. ಆದರೆ ಮನೆಯೊಳಗಿನವರಿಂದಲೇ ಮಗುವಿಗೆ ಹಿಂಸೆಯಾಗಿದ್ದರೆ, ಅಥವಾ ಅಪ್ಪ ಅಮ್ಮನೇ ದುಃಖದಿಂದ ಏಳಲಾಗದ ಸ್ಥಿತಿಯಲ್ಲಿದ್ದರೆ, ಮೊದಲು ಥೆರಪಿಸ್ಟ್ ಬಳಿಗೇ ಹೋಗಬೇಕು, ಮನೆಯ ಆಟ ಆಮೇಲೆ. ಬಣ್ಣವೇ ಇಷ್ಟವಾದ ಮಗುವಿಗೆ ಒಬ್ಬೊಬ್ಬರನ್ನೇ ನೋಡುವ, ತರಬೇತಿಯ ವಿವರ ಕೊಡುವ, ಚಿತ್ರಗಳನ್ನು ಫೈಲಿನಲ್ಲಿಡುವ ಆರ್ಟ್ ಥೆರಪಿಸ್ಟ್ ಸಿಕ್ಕರೆ ನಾನು ಬೇಡವೆನ್ನುವುದಿಲ್ಲ. ಸಹಿ ಮಾಡುವ ಮುನ್ನ ಫೋಟೊದ ಸಾಲನ್ನು ಹೊಡೆದುಹಾಕಿ.

ನಮ್ಮ ವೇಳೆ ಗುರುವಾರ ಸಂಜೆ ಆರೂವರೆ. ಫೋನುಗಳನ್ನು ಅಡುಗೆಮನೆಯ ಡಬ್ಬದೊಳಗೆ ಹಾಕಿಟ್ಟು, ಒಂದು ವಾರ ನಾನು, ಇನ್ನೊಂದು ವಾರ ನನ್ನ ಪತಿ ಕೂರುತ್ತೇವೆ. ದಿಂಬಿನ ಕೋಣೆಯನ್ನು ಅವಳು ಈಗಲೂ ಕಟ್ಟುತ್ತಾಳೆ, ಆದರೆ ಒಳಗೆ ಹೋಗಲು ಬಿಡುತ್ತಾಳೆ. ಶೆಟ್ಟರಿಗೆ ಕಾಫಿ ತಂದಿರಬೇಕು, ಸಕ್ಕರೆ ಕಡಿಮೆ.