ತೆಂಕಾರನಾ, ರೀಲಿನ ಫ್ಲೈ ರಾಡಾ?

ಬೆಂಗಳೂರಿಂದ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಮೀನು ಹಿಡಿಯಲು ಹೊರಟಿದ್ದೀರಾ? ಹಾಗಾದರೆ ಮೊದಲು ಬೆನ್ನಿನ ಬ್ಯಾಗು ನೋಡಿಕೊಳ್ಳಿ.

ಜಪಾನಿನ ತೆಂಕಾರ ಎಂಬ ಗಾಳದ ಕಡ್ಡಿಗೆ ರೀಲೇ (ದಾರ ಸುತ್ತುವ ಚಕ್ರ) ಇಲ್ಲ, ದಾರವನ್ನು ತುದಿಗೇ ಕಟ್ಟುವುದು. 12 ಅಡಿಯ ಕಡ್ಡಿಯ ತುಂಡುಗಳು ಒಂದರೊಳಗೊಂದು ಸೇರಿದರೆ ಉದ್ದ ಮೊಳಕ್ಕಿಂತ ಸ್ವಲ್ಪ ಜಾಸ್ತಿ ಉಳಿಯುತ್ತದೆ. ತೂಕ 100 ಗ್ರಾಂ ಆಸುಪಾಸು. ಬಂಡೆಗಳ ನಡುವಿನ ಸಣ್ಣ ಮಡುಗಳಿಗೆ ಇದೇ ಸರಿ. ಆದರೆ ದೊಡ್ಡ ಮೀನು ಎಳೆದರೆ ಬಿಡಲು ಹೆಚ್ಚಿನ ದಾರವಿಲ್ಲ, ನೀವೇ ಅದರ ಹಿಂದೆ ಓಡಬೇಕು!

ಇನ್ನು ರೀಲಿನ ಫ್ಲೈ ರಾಡ್. ನಾಲ್ಕು ತುಂಡಿನ 9 ಅಡಿ ರಾಡ್ ಫ್ಲೈಯನ್ನು (ಹುಳದಂತೆ ಕಾಣುವ ಹಗುರ ಗಾಳ) ದೂರಕ್ಕೆ ಎಸೆಯುತ್ತದೆ, ಗಾಳಿಯನ್ನೂ ತಡೆದುಕೊಳ್ಳುತ್ತದೆ. ರೀಲ್, ಲೈನ್ ಸೇರಿದರೆ ಭಾರ ಜಾಸ್ತಿ. ಕಲಿಯಲೂ ತಾಳ್ಮೆ ಬೇಕು. ನಾನು ತಾರಸಿಯಲ್ಲಿ ಅಭ್ಯಾಸ ಮಾಡುವಾಗ ಸಿಕ್ಕಿದ್ದು ಪಕ್ಕದ ಮನೆಯವರು ಒಣಹಾಕಿದ್ದ ಸೀರೆ.

ನಡೆದು ಹೋಗುವುದಾದರೆ ನನ್ನ ಓಟು ತೆಂಕಾರಕ್ಕೆ. ಯಾವುದೇ ಕೊಂಡರೂ ಮೀನು ಹಿಡಿಯಲು ಪರವಾನಗಿ ಬೇಕು. ನವೆಂಬರಿಂದ ಫೆಬ್ರವರಿವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ.